ಮೊಯ್ದೀನನ ಮಗ್

ರಂಜಾನ್ ಉಪವಾಸದ ನೋಂಬು ಬಿಟ್ಟು, ಸಂಜೆಯ ಮಗ್ರಿಬ್ ನಮಾಜು ಮುಗಿಸಿ ರುಖಿಯಮ್ಮ ಜಗಲಿಗೆ ಬಂದರು. ದಂಡೆಯ ಮೇಲೆ ಕೈಯಾಡಿಸಿದರು. ಒಮ್ಮೆ. ಇನ್ನೊಮ್ಮೆ.

ಮಗ್ ಇರಲಿಲ್ಲ.

ಮಸೀದಿಯಲ್ಲಿ ಬಾಂಗ್ ಕೂಗುವ ತುಸು ಮೊದಲು ತಾವೇ ನೀರು ತುಂಬಿಸಿ ಅಲ್ಲಿಟ್ಟಿದ್ದರು. ಬಿಳಿ ಎನಾಮಲ್ಲಿನ, ನೀಲಿ ಅಂಚಿನ, ಅಲ್ಲಲ್ಲಿ ಪದರ ಎದ್ದು ಕಪ್ಪಾಗಿದ್ದ ಮಿಲಿಟರಿ ಮಗ್. ಗುಜರಿಯವನೂ ಮೂಗು ಮುರಿಯುವಂಥದ್ದು. ಅದನ್ನು ಯಾರು ಮುಟ್ಟಿಯಾರು?

"ಶುಕೂರೇ…" ಎಂದು ಆಗಷ್ಟೇ ಮಸೀದಿಯಿಂದ ಬಂದ ಮೈದುನನನ್ನು ಕರೆದರು. ಸ್ವರದಲ್ಲಿ ಹೆದರಿಕೆ ಇರಲಿಲ್ಲ. ಒಳಗಿದ್ದವರಿಗೆ ಹೆದರಿಕೆಯಾದದ್ದು ಅದಕ್ಕೇ. "ಅವರು ಬಂದಿದ್ರು. ಮಗ್ ಕೊಂಡುಹೋದ್ರು."

ಅವರು ಎಂದರೆ ಮೊಯ್ದೀನ್. ರುಖಿಯಮ್ಮನ ಗಂಡ. ಮಹಾಯುದ್ಧದಲ್ಲಿ ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸೆರೆಸಿಕ್ಕಿ, ನ್ಯೂಗಿನಿಯ ಕಾಡಿನ ಶಿಬಿರವೊಂದರಲ್ಲಿ ಅವರು ಸತ್ತು ಐವತ್ತು ವರ್ಷ ದಾಟಿತ್ತು.

*

ಮರುದಿನ ಶುಕ್ರವಾರ. ತೊಂಬತ್ತೈದರ ಫೆಬ್ರವರಿ.

ಬೆಳ್ತಂಗಡಿ ಕೋರ್ಟಿನ ಎದುರಿನ ಮಹಡಿಯಲ್ಲಿ ವಕೀಲೆ ನೀಲಾವತಿಯವರ ಆಫೀಸು. ಅವರ ಜೂನಿಯರ್ ಶೇಖರ ಬೆಳಿಗ್ಗೆ ಬೆಳಿಗ್ಗೆಯೇ ನ್ಯಾಯಾಧೀಶರ ಕೆಮ್ಮು ಕೆಮ್ಮುತ್ತಿದ್ದ. ಕಾಯಿಲೆಯಿಂದಲ್ಲ, ಅಭ್ಯಾಸಕ್ಕೆ. ಮಂಗಳೂರಿನಲ್ಲಿ ಕಾನೂನು ಓದುವಾಗ ಅವನು ಕಲಿತದ್ದು ಎರಡು: ಒಂದು ವಾದ, ಇನ್ನೊಂದು ವಾದ್ಯ. ವಾದ್ಯ ಎಂದರೆ ಅವನ ಗಂಟಲು. ಬಸ್ಸಿನ ಕಂಡಕ್ಟರು, ಭಾಗವತರು, ತುಕ್ಕು ಹಿಡಿದ ಗೇಟು, ಪ್ರೆಶರ್ ಕುಕ್ಕರು, ಯಾವುದಾದರೂ ಆಗಲಿ, ಒಮ್ಮೆ ಕೇಳಿದರೆ ಸಾಕು, ಗಂಟಲಿನಿಂದ ದೃಢೀಕೃತ ನಕಲು ಪ್ರತಿ ಹೊರಗೆ ಬರುತ್ತಿತ್ತು.

ಮೆಟ್ಟಿಲು ಹತ್ತಿ ಬಂದವರು ವೇಣೂರಿನ ಅಬ್ದುಲ್ ಶುಕೂರ್. ಜವಳಿ ಅಂಗಡಿಯವರು, ನೀಲಾವತಿಯವರ ಹಳೆಯ ಕಕ್ಷಿದಾರರು. ಕುಳಿತವರು ಸುಮ್ಮನೆ ಟೊಪ್ಪಿ ತೆಗೆದು ಮಡಚಿದರು, ಬಿಡಿಸಿದರು.

"ಏನು ಶುಕೂರಾಕ? ಮತ್ತೆ ಗಡಿ ತಕರಾರಾ?"

"ಅಲ್ಲ ಲಾಯರಮ್ಮ. ಒಂದು ಮಗ್ ಕಳವಾಗಿದೆ."

ಶೇಖರನ ಬಾಯಿ ಸುಮ್ಮನಿರಲಿಲ್ಲ. "ಮಗ್ಗಾ? ಬ್ಯಾರಿಗಳೇ, ಮಗ ಕಳೆದರೆ ಕೇಸು. ಮಗ್ ಕಳೆದರೆ…"

"ನನ್ನ ಅತ್ತಿಗೆಗೆ ಮಗ ಇಲ್ಲ," ಎಂದರು ಶುಕೂರ್. "ಮಗಳೂ ಇಲ್ಲ. ಗಂಡನ ಕಬರ್, ಒಂದು ಗೋರಿ ಕೂಡ ಇಲ್ಲ. ಆ ಮಗ್ ಒಂದೇ ಇದ್ದದ್ದು."

ಶೇಖರ ಕೆಮ್ಮಿದ. ಈ ಸಲ ಅವನದೇ ಕೆಮ್ಮು.

"ಪೊಲೀಸಿಗೆ ಹೇಳಲಿಲ್ಲವಾ?" ಎಂದರು ನೀಲಾವತಿ.

"ಹಳೆ ಮಗ್ಗಿಗೆ ಎಂಥ ಕಂಪ್ಲೇಂಟ್ ಅಂತ ನಗ್ತಾರೆ. ಆದರೆ ಅತ್ತಿಗೆ ನಿನ್ನೆ ಸಂಜೆಯಿಂದ ಏನೂ ಮುಟ್ಟಲಿಲ್ಲ. ನಸುಕಿನ ಅತ್ತಾಳದ ಊಟಕ್ಕೂ ಏಳಲಿಲ್ಲ. ಮಗ್ ಕೊಂಡುಹೋದವರು ಇನ್ನು ನನ್ನನ್ನೂ ಕೊಂಡುಹೋಗ್ತಾರೆ, ಊಟ ಯಾಕೆ ಅಂತ ಹೇಳ್ತಾರೆ. ವಯಸ್ಸಾದ ಜೀವ ಲಾಯರಮ್ಮ. ಹೀಗೇ ಬಿಟ್ಟರೆ ಹಬ್ಬ ಕಾಣುವುದಿಲ್ಲ." ಅವರು ಟೊಪ್ಪಿ ಹಾಕಿಕೊಂಡರು. "ಮತ್ತೊಂದು ಮಾತುಂಟು. ನನ್ನ ಮಗನ ಮೇಲೇ ನನಗೆ ಸಂಶಯ. ಅವನೇ ಕದ್ದದ್ದು ಅಂತಾದರೆ, ಆ ಮನೆಯಲ್ಲಿ ಅವನಿಗೆ ಜಾಗ ಇಲ್ಲ."

ನೀಲಾವತಿ ಎದ್ದರು. "ಶೇಖರ, ಸ್ಕೂಟರಿನ ಕೀ ತೆಗಿ. ವೇಣೂರಿಗೆ ಹೋಗುವ."

*

ರುಖಿಯಮ್ಮ ಜಗಲಿಯ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿದ್ದರು. ಬಿಳಿಯ ವಲ್ಲಿಯೊಳಗೆ ಒಣಗಿದ ಪುಟ್ಟ ಮುಖ. ಬಂದವರನ್ನು ನೋಡಿ ನಕ್ಕರು ಕೂಡ.

"ಕಳ್ಳನನ್ನು ಹಿಡಿಯಲಿಕ್ಕೆ ಬಂದಿರಾ ಲಾಯರಮ್ಮ? ಕಳ್ಳ ಅಲ್ಲ ಅವರು. ಅವರ ವಸ್ತು ಅವರು ಕೊಂಡುಹೋದ್ರು."

"ಮಗ್ ನಿಮ್ಮ ಕೈಗೆ ಬಂದದ್ದು ಹೇಗೆ ರುಖಿಯಮ್ಮ?"

"ಬಲ್ಲಾಳರು ತಂದುಕೊಟ್ಟದ್ದು. ಗದ್ದೆಯ ಆಚೆ ಮನೆಯ ಸುಕುಮಾರ ಬಲ್ಲಾಳರು. ಇಬ್ಬರೂ ಒಂದೇ ಶಾಲೆ. ಒಂದೇ ದಿನ ಊರು ಬಿಟ್ಟು ಮಿಲಿಟರಿಗೆ ಸೇರಿದ್ದು. ಒಟ್ಟಿಗೇ ಸೆರೆ ಸಿಕ್ಕಿದ್ದು. ಬಂದದ್ದು ಮಾತ್ರ ಒಬ್ಬರು." ಚಾಪೆಯ ಅಂಚು ಸವರಿದರು. "ಲಡಾಯಿ ಮುಗಿದ ಮರುವರ್ಷ ಈ ಅಂಗಳದಲ್ಲಿ ನಿಂತು ಮಗ್ ಕೊಟ್ಟರು. ನೋಂಬಿನ ತಿಂಗಳಲ್ಲಿ ತೀರಿಹೋದ, ನೋಂಬು ಬಿಡುವ ಮೊದಲೇ ಹೋದ ಅಂತ ಹೇಳಿದ್ರು. ಆ ಲಡಾಯಿಯೊಳಗೂ ನೋಂಬು ಹಿಡಿದಿದ್ದರಂತೆ ನೋಡಿ! ಅದಕ್ಕೇ ಪ್ರತಿ ವರ್ಷ ಆ ದಿನ ಒಂದು ಮಗ್ ನೀರು. ಬಾಯಾರಿ ಹೋದವರಲ್ಲವಾ."

ನೀಲಾವತಿ ದಂಡೆಯನ್ನೂ ಅಂಗಳವನ್ನೂ ನೋಡಿದರು. ಮುರಕಲ್ಲಿನ ಅಂಗಳ. ಬಿಸಿಲಿಗೆ ಕಾದು ಮೇಲೆಲ್ಲ ಕೆಂಪು ಧೂಳು. ಮೂಲೆಯಲ್ಲಿ ಬಾವಿ.

"ನಿನ್ನೆ ಮಗ್ ಕಾಣದಾಗ ದಂಡೆ ಒದ್ದೆಯಾಗಿತ್ತಾ?"

"ಇಲ್ಲ," ಎಂದರು ಶುಕೂರ್. "ಟಾರ್ಚ್ ಹಿಡಿದು ನೋಡಿದ್ದೇನೆ. ಅಂಗಳದಲ್ಲೂ ಒಂದು ಹನಿ ಬಿದ್ದಿರಲಿಲ್ಲ. ಬಿದ್ದಿದ್ದರೆ ಈ ಧೂಳಿನಲ್ಲಿ ಗೊತ್ತಾಗ್ತಿತ್ತು."

"ಬೇರೆ ಯಾವುದಾದರೂ ವಸ್ತು ಇಟ್ಟ ಜಾಗದಲ್ಲಿ ಇರಲಿಲ್ಲವಾ?"

ಶುಕೂರ್ ಯೋಚಿಸಿದರು. "ಬಾಲ್ದಿ. ಸಂಜೆ ನನ್ನ ಸೊಸೆ ಜಸ್ನಾ ನೀರು ಸೇದಿ ಬಾಲ್ದಿಯನ್ನು ಕಟ್ಟೆಯ ಮೇಲೆ ಕವುಚಿ ಹಾಕಿದ್ದಳು. ಆಮೇಲೆ ನೋಡಿದರೆ ಬಾವಿಯೊಳಗೆ ನೀರಿನ ಮಟ್ಟದಲ್ಲಿ ತೇಲ್ತಾ ಇತ್ತು. ಕಳ್ಳ ಮಗ್ಗನ್ನು ಬಾವಿಗೆ ಎಸೆದನೋ ಅಂತ ಪಾತಾಳ ಗರಡಿ ಹಾಕಿದೆವು, ಆಳು ಇಳಿಸಿಯೂ ನೋಡಿದೆವು. ಇಲ್ಲ. ಬಾಯಾರಿ ನೀರು ಸೇದಿರಬೇಕು, ಅಷ್ಟೆ."

"ಸೇದಲಿಲ್ಲ," ಎಂದರು ರುಖಿಯಮ್ಮ.

ಎಲ್ಲರೂ ಅವರತ್ತ ತಿರುಗಿದರು.

"ನಾನು ನಮಾಜಿನಲ್ಲಿದ್ದೆ. ರಾಟೆಯ ಸದ್ದು ಕೇಳಿತು. ಎದೆ ಧಸಕ್ಕೆಂತು. ಹಿಂದೆ ಅವರು ಅಲ್ಲೇ ಕಾಲು ತೊಳೆಯುವುದು. ನಾನು ಒಳಗಿಂದ 'ಎಲ್ಲಿದ್ದೀರಿ' ಅಂತ ಕೇಳಿದರೆ ಬಾವಿಕಟ್ಟೆಯಿಂದ 'ಹಾ…ಜರುಂಟು' ಅಂತ ಕೂಗುವುದು. ಶಾಲೆಯಲ್ಲಿ ಮಾಸ್ತರಿಗೆ ಹೇಳ್ತಿದ್ದರಂತೆ ಹಾಗೆ. ಮದುವೆಯಾದ ಮೇಲೂ ಬಿಡಲಿಲ್ಲ."

ನೀಲಾವತಿ ಶೇಖರನ ಕಡೆ ನೋಡಿದರು. "ರಾಟೆ ಮಾಡಿ ತೋರಿಸು ಮಾರಾಯ."

ಶೇಖರ ಗಂಟಲು ಸರಿಪಡಿಸಿಕೊಂಡ. ಹಗ್ಗ ಬಿಟ್ಟ ಕೂಡಲೇ ಬಾಲ್ದಿ ಧುಮುಕುವ ಸದ್ದು ಬಂತು: ಗಡಗಡಗಡ… ಧುಡುಂ! ಒಳಗಿದ್ದ ಜಸ್ನಾ, ಬಾವಿಗೆ ಏನೋ ಬಿತ್ತೆಂದು ಬಾಗಿಲಿಗೆ ಓಡಿಬಂದಳು.

"ಹೀಗಾ ಅಜ್ಜಿ?"

"ಅಲ್ಲ. ಇದು ನಮ್ಮ ಮನೆಯವರು ನೀರು ಸೇದುವ ಸದ್ದು. ಅದು… ಮೆಲ್ಲ."

ಶೇಖರ ನಿಧಾನ ಮಾಡಿದ. ಕೀ… ಕೀ…

"ಇನ್ನೂ ಮೆಲ್ಲ."

ಕೀ…… ಕೀ…… ಕೀ……

ರುಖಿಯಮ್ಮನ ಕಣ್ಣು ಮುಚ್ಚಿತು. "ಇದೇ. ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ. ಇಳಿಯಿತು. ಮತ್ತೆ ಮೇಲೆ ಬರಲೇ ಇಲ್ಲ. ಮನುಷ್ಯರು ಹಾಗೆ ಇಳಿಸ್ತಾರಾ ಲಾಯರಮ್ಮ?"

ಏರುತ್ತಿದ್ದ ಬಿಸಿಲಿನಲ್ಲೂ ಶೇಖರನ ತೋಳಿನ ರೋಮ ಎದ್ದು ನಿಂತಿತ್ತು. ತನ್ನದೇ ಗಂಟಲಿಗೆ ಅವನು ಹೆದರಿದ್ದು ಅದೇ ಮೊದಲು.

"ನಿನಗೆ ಎಲ್ಲ ಸ್ವರವೂ ಬರ್ತದಾ ಮಗಾ?" ರುಖಿಯಮ್ಮ ಕೇಳಿದರು. "ಅವರದ್ದು ಬರ್ತದಾ?"

"ಕೇಳಿದ್ದು ಮಾತ್ರ ಬರ್ತದೆ ಅಜ್ಜಿ. ಕೇಳದ್ದನ್ನು ಹೇಗೆ ಮಾಡುವುದು?"

*

ಶುಕೂರ್ ಅವರ ಮಗ ಅನ್ಸಾಫ್. ಹೋದ ತಿಂಗಳು ದುಬೈಯಿಂದ ಬಂದವನು. ನೀಲಾವತಿ ಅವನನ್ನು ಮನೆಯ ಹಿಂದೆ, ನುಗ್ಗೆಮರದ ಕೆಳಗೆ ನಿಲ್ಲಿಸಿಕೊಂಡರು.

"ದೊಡ್ಡಮ್ಮನ ಮಗ್ ನಿನಗೆ ಇಷ್ಟ ಇರಲಿಲ್ಲವಂತೆ?"

"ಸತ್ತವರಿಗೆ ನೀರಿಡುವುದು ನಮ್ಮ ಧರ್ಮದಲ್ಲಿ, ದೀನಿನಲ್ಲಿ ಇಲ್ಲ ಅಂತ ಹೇಳಿದ್ದೆ. ಬಾಯಲ್ಲಿ ಹೇಳಿದ್ದೆ. ಕೈ ಹಾಕಲಿಲ್ಲ."

"ನಿನ್ನೆ ಬಾಂಗ್ ಆಗುವಾಗ ಎಲ್ಲಿದ್ದೆ?"

"ಮಸೀದಿಯಲ್ಲಿ."

"ನಿನ್ನ ಅಪ್ಪ ಅಲ್ಲೇ ಇದ್ದರು. ನಿನ್ನನ್ನು ಕಾಣಲಿಲ್ಲವಂತೆ."

ಅನ್ಸಾಫ್ ನೆಲ ನೋಡಿದ. ಮನೆಯ ಕಡೆ ತಿರುಗಿ ನೋಡಿ ಸ್ವರ ತಗ್ಗಿಸಿದ. "ಎಸ್‌ಟಿಡಿ ಬೂತಿನಲ್ಲಿದ್ದೆ. ನನ್ನ ವೀಸಾ ಕ್ಯಾನ್ಸಲ್ ಆಗಿದೆ ಮೇಡಂ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹಬ್ಬ ಮುಗಿಯುವವರೆಗೆ ಹೇಳುವುದು ಬೇಡ ಅಂತ… ಬೂತಿನ ಸೀಟಿನಲ್ಲೇ ನೋಂಬು ಬಿಟ್ಟೆ. ಬೂತಿನವನನ್ನೇ ಕೇಳಿ, ಅವನೇ ನೀರು ಕೊಟ್ಟದ್ದು."

ಬೂತಿನವನನ್ನು ಕೇಳಿದರು. ಮಾತು ನಿಜ.

ಮಧ್ಯಾಹ್ನದ ಮೇಲೆ ಸಿಕ್ಕಿದವರು ಧರ್ಣಪ್ಪ. ಬಂಟ್ವಾಳದವರು, ನಿವೃತ್ತ ಹವಾಲ್ದಾರ್, ತಾಲೂಕಿನ ಮಾಜಿ ಸೈನಿಕರಿಗೆಲ್ಲ ಅವರೇ ಸಾರಥಿ. ಮಾತಿಗಿಂತ ಮೀಸೆ ಮುಂದೆ. ಭಾನುವಾರ ರುಖಿಯಮ್ಮನ ಅಂಗಳದಲ್ಲಿ ಮೊಯ್ದೀನನ ನೆನಪಿಗೆ ಸಣ್ಣ ಕಾರ್ಯಕ್ರಮ ಇಟ್ಟುಕೊಂಡವರು ಇವರೇ.

"ಮಗ್ ನೀವೇ ಮುಂಚಿತವಾಗಿ ತೆಗೆದುಕೊಂಡಿರಾ ಹವಾಲ್ದಾರ್ರೇ?"

"ನಾನ್ಯಾಕೆ ಕದಿಯಲಿ ಮೇಡಂ? ನನಗೆ ಅದು ಎಲ್ಲರೆದುರು ಬೇಕಿತ್ತು! ಅದರ ಅಡಿಯಲ್ಲಿ ಗೀರಿದ ನಂಬರ್ ಉಂಟು. ತುಕ್ಕು ಮುಚ್ಚಿದೆ. ಹುಳಿ, ಬೂದಿ ಹಾಕಿ ತಿಕ್ಕಿ, ಭಾನುವಾರ ವೇದಿಕೆಯಲ್ಲೇ ಓದುವ ಅಂತ ನನ್ನ ಯೋಚನೆ."

"ಆ ನಂಬರಿನಿಂದ ಏನು ಲಾಭ?"

"ಸೈನಿಕನಿಗೆ ಹೆಸರಿಗಿಂತ ನಂಬರ್ ಮುಖ್ಯ. ಮೊಯ್ದೀನ್ ಅಂತ ಹೆಸರಿನವರು ಎಷ್ಟು ಜನ ಸತ್ತಿದ್ದಾರೋ. ನಂಬರ್ ಸಿಕ್ಕಿದರೆ ಇವರ ಹೆಸರು ಯಾವ ದೇಶದ, ಯಾವ ಗೋಡೆಯ, ಯಾವ ಕಲ್ಲಿನಲ್ಲಿ ಕೆತ್ತಿದೆ ಅಂತ ಬರೆದು ತಿಳಿದುಕೊಳ್ಳಬಹುದು. ರುಖಿಯಮ್ಮ ಕೇಳಿದ್ದು ಅದೊಂದೇ. ಯಾವ ದಿಕ್ಕಿಗೆ ತಿರುಗಿ ದುವಾ ಮಾಡಲಿ ಅಂತ."

"ಇದನ್ನು ಯಾರ ಎದುರು ಹೇಳಿದ್ದಿರಿ?"

"ಶುಕೂರಾಕ ಇದ್ದರು. ಅನ್ಸಾಫ್ ಇದ್ದ. ಬಲ್ಲಾಳರೂ ಇದ್ದರು. ಅವರೇ ಅಲ್ಲವಾ ಮುಖ್ಯ ಭಾಷಣ ಮಾಡಬೇಕಾದವರು? ಪಾಪ, ಬೇಡ ಬೇಡ ಅಂತಿದ್ದರು. ನಾನೇ ಒತ್ತಾಯ ಮಾಡಿದ್ದು."

*

ಶನಿವಾರ ಬೆಳಿಗ್ಗೆ ಸುಕುಮಾರ ಬಲ್ಲಾಳರ ಮನೆ. ಬಲ್ಲಾಳರಿಗೆ ರುಖಿಯಮ್ಮನಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ನೆಟ್ಟಗಿನ ಬೆನ್ನು. ಮಾತು ಕಡಿಮೆ.

"ಪ್ರತಿ ವರ್ಷ ಆ ದಿನ ರುಖಿಯಮ್ಮನನ್ನು ಮಾತಾಡಿಸಲಿಕ್ಕೆ ಹೋಗ್ತೀರಂತೆ. ಈ ಸಲ ಹೋಗಲಿಲ್ಲವಾ?"

"ಮೂಡುಬಿದಿರೆಗೆ ಹೋಗಿದ್ದೆ. ಬಸದಿಗೆ. ಬರುವಾಗ ಕತ್ತಲಾಗಿತ್ತು."

"ಊಟ?"

"ಏನು?"

"ಅಲ್ಲ, ಕತ್ತಲಾದ ಮೇಲೆ ನೀವು ಜೈನರು ಊಟ ಮಾಡುವವರಲ್ಲ. ಅದಕ್ಕೆ ಕೇಳಿದೆ."

ಬಲ್ಲಾಳರು ಉತ್ತರಿಸುವ ಮೊದಲೇ ಅವರ ಹೆಂಡತಿ ಕಮಲಾವತಿಯಮ್ಮ ಬೆಲ್ಲ ತಂದಿಟ್ಟರು. "ಎಲ್ಲಿಯ ಕತ್ತಲೆ? ಗುರುವಾರ ಬೇಗ ಬಂದಿದ್ದರಲ್ಲ. ಇಲ್ಲೇ ಊಟ ಮಾಡಿ, ಗದ್ದೆಯ ಕಡೆ ತಿರುಗಾಡಿ ಬರ್ತೇನೆ ಅಂತ ಹೋದದ್ದು. ವಯಸ್ಸಾಯಿತು, ದಿನ ಮರೆತುಹೋಗ್ತದೆ ಇವರಿಗೆ. ಇರಿ, ನೀರು ತರ್ತೇನೆ."

"ನಾನು ತರ್ತೇನೆ," ಎಂದು ಬಲ್ಲಾಳರು ಎದ್ದೇಬಿಟ್ಟರು.

"ನೋಡಿ!" ಕಮಲಾವತಿಯಮ್ಮ ನಕ್ಕರು. "ನೀರಿನ ಕೆಲಸ ನಮಗೆ ಬಿಡುವುದೇ ಇಲ್ಲ. ಮಿಲಿಟರಿಯಿಂದ ಬಂದಂದಿನಿಂದ ಹೀಗೆ. ನಮ್ಮ ಅತ್ತೆ ಹೇಳ್ತಿದ್ದರು, ಹೋಗುವ ಮೊದಲು ಇಷ್ಟು ಕಟ್ಟುನಿಟ್ಟು ಇರಲಿಲ್ಲವಂತೆ."

ಶೇಖರ ಕಿಟಕಿಯಿಂದ ನೋಡಿದ. ಬಲ್ಲಾಳರು ನೀರು ಸೇದಿ, ಕೊಡದ ಬಾಯಿಗೆ ಮಡಚಿದ ಬಿಳಿ ಬಟ್ಟೆ ಕಟ್ಟಿ ಸೋಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಬಟ್ಟೆಯನ್ನು ತಿರುವಿ, ಅದರ ಮೇಲೆ ಮತ್ತೆ ಸ್ವಲ್ಪ ನೀರು ಹಾಕಿ ಬಾಲ್ದಿಗೆ ತೊಳೆದು, ಆ ಬಾಲ್ದಿಯನ್ನು ಬಾವಿಗೆ ಇಳಿಸತೊಡಗಿದರು.

ಕೀ…… ಕೀ…… ಕೀ……

ಶೇಖರನ ಕೈಯಲ್ಲಿದ್ದ ಬೆಲ್ಲ ಕೆಳಗೆ ಬಿತ್ತು.

"ಮೇಡಂ…"

"ಕೇಳ್ತಾ ಉಂಟು," ಎಂದರು ನೀಲಾವತಿ. ಬಲ್ಲಾಳರು ತಂದ ನೀರನ್ನು ಪೂರ್ತಿ ಕುಡಿದರು. ಲೋಟ ಕೆಳಗಿಟ್ಟು ಹೇಳಿದರು: "ಸಂಜೆ ರುಖಿಯಮ್ಮನ ಮನೆಗೆ ಬನ್ನಿ ಬಲ್ಲಾಳರೇ. ನಾಳೆಯ ವಿಷಯ ಮಾತಾಡಲಿಕ್ಕುಂಟು. ಎರಡು ದಿನದಿಂದ ಅವರು ಊಟ ಬಿಟ್ಟಿದ್ದಾರೆ, ಗೊತ್ತಾ?"

ಬಲ್ಲಾಳರ ಮುಖ ಬಿಳುಚಿತು. "ಊಟ ಬಿಟ್ಟಿದ್ದಾರಾ? ಯಾಕೆ?"

"ಗಂಡ ಕರೆಯಲಿಕ್ಕೆ ಬಂದಿದ್ದಾರೆ ಅಂತ."

*

ಸಂಜೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಶುಕೂರ್, ಅನ್ಸಾಫ್, ಮೀಸೆ ತಿರುವುತ್ತ ಧರ್ಣಪ್ಪ. ಗೋಡೆಗೆ ಒರಗಿದ್ದ ರುಖಿಯಮ್ಮನ ತುಟಿ ಒಡೆದಿತ್ತು. ಕೊನೆಗೆ ಬಲ್ಲಾಳರು ಬಂದರು. ಕೈಯಲ್ಲಿ ಬಟ್ಟೆಯ ಚೀಲ. ಕರೆದರೂ ಮೇಲೆ ಬರದೆ ಅಂಗಳದಲ್ಲೇ ನಿಂತರು.

"ಎಲ್ಲರೂ ಮಗ್ ಎಲ್ಲಿ ಅಂತ ಹುಡುಕಿದಿರಿ," ನೀಲಾವತಿ ಶುರುಮಾಡಿದರು. "ನೀರೆಲ್ಲಿ ಅಂತ ಯಾರೂ ಕೇಳಲಿಲ್ಲ. ಮಗ್ ತುಂಬಿತ್ತು. ಕದ್ದವನು ಆ ನೀರನ್ನು ಏನು ಮಾಡಿದ? ದಂಡೆ ಒಣಗಿತ್ತು. ಅಂಗಳದ ಧೂಳಿನಲ್ಲಿ ಹನಿ ಇಲ್ಲ. ಅನ್ಸಾಫ್, ನೀನಾದರೆ ಏನು ಮಾಡ್ತಿದ್ದೆ?"

"ಅಂಗಳಕ್ಕೆ ಚೆಲ್ಲುತ್ತಿದ್ದೆ."

"ಹವಾಲ್ದಾರ್ರೇ?"

"ಕುಡಿದುಬಿಡ್ತಿದ್ದೆ."

"ಹೌದು. ಬಾಯಾರಿದವನಿಗೆ ಕೈಯಲ್ಲೇ ತುಂಬಿದ ಮಗ್ ಇತ್ತು, ಬಾವಿಗೆ ಹೋಗಬೇಕಾಗಿರಲಿಲ್ಲ. ಆದರೂ ಬಾಲ್ದಿ ಬಾವಿಗೆ ಇಳಿದಿದೆ. ಮೆಲ್ಲನೆ ಇಳಿದಿದೆ. ಮತ್ತೆ ಮೇಲೆ ಬಂದಿಲ್ಲ. ರುಖಿಯಮ್ಮನ ಕಿವಿ ಸುಳ್ಳು ಹೇಳಲಿಲ್ಲ. ಅಂದರೆ ಅವನು ನೀರು ಸೇದಲಿಲ್ಲ, ನೀರು ವಾಪಸು ಕೊಟ್ಟ. ಮಗ್ಗಿನ ನೀರನ್ನು ಬಾಲ್ದಿಗೆ ಸುರಿದು, ಕೆಳಗೆ ಇಳಿಸಿ, ನೀರಿಗೆ ನೀರು ಸೇರಿಸಿದ. ಮೇಲಿನಿಂದ ಎರಚಲೂ ಇಲ್ಲ."

"ಹಾಗೆ ಯಾರು ಮಾಡ್ತಾರೆ?" ಎಂದರು ಶುಕೂರ್.

"ನೀರಿನಲ್ಲಿ ಕಣ್ಣಿಗೆ ಕಾಣದ ಜೀವ ಉಂಟು ಅಂತ ನಂಬುವವರು. ಆ ಜೀವ ಬಂದ ಬಾವಿಗೇ ಹಿಂದೆ ಹೋಗಬೇಕು, ಕಾದ ಕಲ್ಲಿನ ಮೇಲೆ ಬಿದ್ದರೆ ಸಾಯ್ತದೆ, ಎತ್ತರದಿಂದ ಎರಚಿದರೆ ಪೆಟ್ಟಾಗ್ತದೆ ಅಂತ ದಿನಾ ಬಾಲ್ದಿ ಇಳಿಸುವವರು. ಕದಿಯುವ ಅವಸರದಲ್ಲಿ ತಲೆ ಮರೆತದ್ದನ್ನು ಕೈ ಮರೆಯಲಿಲ್ಲ." ನೀಲಾವತಿಯವರ ಸ್ವರ ತಗ್ಗಿತು. "ಮಗ್ ತೆಗೆದುಕೊಂಡವರು ನೀವು, ಸುಕುಮಾರ ಬಲ್ಲಾಳರೇ."

"ಏನು ಹೇಳ್ತೀರಿ!" ಶುಕೂರ್ ಎದ್ದರು. "ತಂದುಕೊಟ್ಟವರೇ ಕದಿಯುವುದಾ?"

"ತಂದುಕೊಟ್ಟವರೇ ಕದಿಯಬೇಕಾಗಿತ್ತು. ಅಡಿಯ ನಂಬರ್ ಓದುತ್ತಾರೆ ಅಂತ ಗೊತ್ತಾದ ಮೇಲೆ. ಅದು ಮೊಯ್ದೀನನ ನಂಬರ್ ಅಲ್ಲ. ಅಲ್ಲವಾ ಬಲ್ಲಾಳರೇ?"

ಬಲ್ಲಾಳರು ಚೀಲದೊಳಗೆ ಕೈಹಾಕಿ ಮಗ್ ಹೊರತೆಗೆದರು. ದಂಡೆಯ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟರು.

"ನನ್ನದು," ಎಂದರು. "ಬರಿಗೈಯಲ್ಲಿ ಊರಿಗೆ ಬಂದೆ. ಇವರು ಈ ಅಂಗಳದಲ್ಲಿ ನಿಂತು ನನ್ನ ಹಿಂದೆ ನೋಡ್ತಾ ಇದ್ದರು. ಅವನು ಬರ್ತಾ ಇದ್ದಾನೆ ಅಂತ. ಏನಾದರೂ ಕೊಡಬೇಕಿತ್ತು. ನನ್ನ ಮಗ್ ಇತ್ತು. ಕೊಟ್ಟೆ. ಆಮೇಲೆ ಯಾವ ವರ್ಷ ಹೇಳಲಿ? ಪ್ರತಿ ವರ್ಷ ಅದಕ್ಕೆ ನೀರು ತುಂಬಿಸುವುದನ್ನು ನೋಡ್ತಿದ್ದೆ. ಬದುಕಿದವನ ಮಗ್ಗಿಗೆ."

ರುಖಿಯಮ್ಮನ ಮುಖದಲ್ಲಿ ಏನೂ ಕದಲಲಿಲ್ಲ. "ಅವರದ್ದು ಎಲ್ಲಿ?"

"ಅವನ ಹತ್ತಿರ. ಅಲ್ಲಿ ಬರೀ ಕೆಸರು ರುಖಿಯಮ್ಮ. ಕಬರಿನ ಗುರುತಿಗೆ ನೆಡುವ ಮೀಸಾನಿಗೆ ಒಂದು ಕಲ್ಲು ಸಿಗಲಿಲ್ಲ. ನಾನೇ ಮಣ್ಣು ಮುಚ್ಚಿ, ತಲೆಯ ಕಡೆ ಅವನ ಮಗ್ ನೆಟ್ಟೆ. ಪಕ್ಕದಲ್ಲಿ ಒಂದು ಬಾಳೆ ಇತ್ತು. ನಮ್ಮೂರಿನಂಥದ್ದೇ."

"ಬಾಳೆ…" ಎಂದರು ರುಖಿಯಮ್ಮ. ಐವತ್ತು ವರ್ಷದಲ್ಲಿ ಮೊದಲ ಸಲ ಅವರಿಗೆ ಗಂಡನ ಕಬರ್ ಕಣ್ಣಿಗೆ ಕಂಡಿತು.

"ಇನ್ನೂ ಉಂಟು. ಅರ್ಧ ಹೇಳಿ ಹೋಗಲಾರೆ." ಬಲ್ಲಾಳರು ಕಂಬ ಹಿಡಿದುಕೊಂಡರು. "ಕಾಯಿಲೆಯವರ ಗುಡಿಸಲಿಗೆ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ರೋಗದ ಹೆದರಿಕೆ. ಹೊರಗೆ ನಿಂತು ಹೆಸರು ಕೂಗುವುದು. ಒಳಗಿಂದ ಉತ್ತರ ಬಂದರೆ ಆ ಹೆಸರಿಗೆ ಒಂದು ಹಿಡಿ ಅನ್ನ, ಒಂದು ತುಂಡು ಒಣಮೀನು. ನಾನೂ ಅಲ್ಲೇ ಮಲಗಿದ್ದೆ. ಮೊಯ್ದೀನ್ ತೀರಿದ. ಕತ್ತಲಲ್ಲಿ ಹೊತ್ತು ಮಣ್ಣು ಮಾಡಿದೆ. ಬೆಳಿಗ್ಗೆ ಅವನ ಹೆಸರು ಕೂಗಿದರು. ನಾನು… ಉತ್ತರ ಕೊಟ್ಟೆ. ಅವನ ಸ್ವರದಲ್ಲಿ. ಚಿಕ್ಕಂದಿನಿಂದ ಕೇಳಿದ ಸ್ವರ, ಬಂತು. ಮರುದಿನವೂ ಕೊಟ್ಟೆ. ಹಬ್ಬದ ದಿನದವರೆಗೆ ಕೊಟ್ಟೆ. ಆ ಮೀನು ತಿಂದೆ. ಈ ಮಗ್ಗಿನಲ್ಲೇ. ಸರಕಾರದ ಲೆಕ್ಕದಲ್ಲಿ ಮೊಯ್ದೀನ್ ಹಬ್ಬ ಕಂಡಿದ್ದಾನೆ. ಅವನ ಹಬ್ಬ ಉಂಡದ್ದು ನಾನು."

ಶೇಖರ ತಲೆ ತಗ್ಗಿಸಿದ. ಕಾಲೇಜಿನ ವೇದಿಕೆಯಲ್ಲಿ ಎಷ್ಟೋ ಸ್ವರ ಮಾಡಿ ಚಪ್ಪಾಳೆ ಗಿಟ್ಟಿಸಿದವನು ಅವನು. ಒಂದು ಹಿಡಿ ಅನ್ನಕ್ಕಾಗಿ ಯಾರಾದರೂ ಸ್ವರ ಮಾಡಿಯಾರೆಂದು ಅವನಿಗೆ ಹೊಳೆದಿರಲಿಲ್ಲ.

ಧರ್ಣಪ್ಪ ಮೀಸೆಯಿಂದ ಕೈ ತೆಗೆದಿದ್ದರು. "ಹಾಗಾದರೆ ಮೊಯ್ದೀನನ ನಂಬರ್ ಹೋಯಿತಾ ಬಲ್ಲಾಳರೇ?"

"ಇಲ್ಲ. ಸೇರುವ ದಿನ ಸಾಲಿನಲ್ಲಿ ಅವನು ನನ್ನ ಮುಂದೆ ನಿಂತಿದ್ದ. ಈ ಮಗ್ಗಿನ ನಂಬರಿನಿಂದ ಒಂದು ಕಳೆಯಿರಿ. ಅದು ಅವನದ್ದು."

ಅಂಗಳದಲ್ಲಿ ಬೆಳಕು ಇಳಿಯುತ್ತಿತ್ತು. ರುಖಿಯಮ್ಮ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕುಳಿತರು.

"ಬಲ್ಲಾಳ್ರೇ. ಆ ಸ್ವರ ಈಗಲೂ ಬರ್ತದಾ?"

"ರುಖಿಯಮ್ಮ…"

"ಆ ಹುಡುಗನಿಗೆ ಬರುವುದಿಲ್ಲವಂತೆ. ಕೇಳಿ ಹೇಳಬಲ್ಲವರು ನೀವೊಬ್ಬರೇ ಉಳಿದದ್ದು. ನಾನು ಕರೆಯುತ್ತೇನೆ." ಉತ್ತರಕ್ಕೆ ಕಾಯಲಿಲ್ಲ. ಒಣಗಿದ ಗಂಟಲಿನಿಂದ, ಹೊಸ ಮದುಮಗಳ ಮೆಲುದನಿಯಲ್ಲಿ ಕೇಳಿದರು: "ಎಲ್ಲಿದ್ದೀರಿ?"

ಬಲ್ಲಾಳರು ಕಣ್ಣು ಮುಚ್ಚಿದರು. ಆಮೇಲೆ ಆ ಮುದಿ ಎದೆಯ ಎಲ್ಲಿಂದಲೋ ಒಬ್ಬ ಇಪ್ಪತ್ತರ ಹುಡುಗ ಕೂಗಿದ. ತುಂಟ, ತೆಳ್ಳಗಿನ, ಎಳೆದ ಸ್ವರ:

"ಹಾ……ಜರುಂಟು!"

ರುಖಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತದ್ದೋ ನಕ್ಕದ್ದೋ ಯಾರಿಗೂ ಗೊತ್ತಾಗಲಿಲ್ಲ. ಶುಕೂರ್ ಗೋಡೆಯ ಕಡೆ ತಿರುಗಿ ನಿಂತಿದ್ದರು. ಅಣ್ಣ ಹೋಗುವಾಗ ಅವರಿನ್ನೂ ಚಿಕ್ಕವರು. ಆದರೂ ಆ ಸ್ವರ ಅವರಿಗೂ ಗೊತ್ತಿತ್ತು. ಕುರುಡನಂತೆ ಕೈ ಚಾಚಿ ಮಗನ ಭುಜ ಹಿಡಿದುಕೊಂಡರು. ಬಿಡಲಿಲ್ಲ.

ಮಸೀದಿಯ ಮೈಕು ಕರಕರ ಅಂದಿತು. ಬಾಂಗ್.

ರುಖಿಯಮ್ಮ ಮಗ್ ಎತ್ತಿಕೊಂಡರು. "ಜಸ್ನಾ, ನೀರು ತಾ. ಇದಕ್ಕೇ ಹಾಕು."

"ದೊಡ್ಡಮ್ಮಾ, ಇದಕ್ಕಾ? ಇದರಲ್ಲಿ ಯಾರೂ ಕುಡಿಯುವುದಿಲ್ಲವಲ್ಲ…"

"ಸತ್ತವರದ್ದು ಅಂತ ಮುಟ್ಟುತ್ತಿರಲಿಲ್ಲ. ಇದು ಸತ್ತವರದ್ದಲ್ಲ ಅಂತ ಆಯಿತಲ್ಲ. ನನಗೆ ಬಾಯಾರಿಕೆ."

ನೀಲಿ ಅಂಚಿಗೆ ತುಟಿಯಿಟ್ಟು ಅವರು ಕುಡಿದರು. ಎರಡು ದಿನದ ಮೇಲೆ. ಖರ್ಜೂರ ಕೊಟ್ಟರೆ ಅದನ್ನೂ ತಿಂದರು. ಮಗ್ಗಿನ ತಳದಲ್ಲಿ ಸ್ವಲ್ಪ ನೀರು ಉಳಿಯಿತು. ಅದನ್ನು ಬಲ್ಲಾಳರ ಕಡೆ ಚಾಚಿದರು. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವವರಲ್ಲವೆಂದು ಇಡೀ ಊರಿಗೆ ಗೊತ್ತು. ರುಖಿಯಮ್ಮನಿಗೂ ಗೊತ್ತು. ಬಲ್ಲಾಳರು ಮಗ್ ಈಸಿಕೊಂಡು ಬಾವಿಯ ಕಡೆ ನಡೆದರು.

ಕತ್ತಲೆಯಲ್ಲಿ ರಾಟೆ ಅಂದಿತು. ಕೀ…… ಕೀ…… ಕೀ……

ರುಖಿಯಮ್ಮ ಇನ್ನೊಂದು ಖರ್ಜೂರ ಕೈಗೆತ್ತಿಕೊಂಡರು. ಅತ್ತ ತಿರುಗದೆಯೇ ಕೇಳಿದರು.

"ಯಾರದು ಬಾವಿಕಟ್ಟೆಯಲ್ಲಿ?"

ರಾಟೆ ನಿಂತಿತು.

"ಹಾಜರುಂಟು," ಎಂದಿತು ಒಡೆದ, ನಡುಗುವ ಒಂದು ಸ್ವರ.

ಶೇಖರ ಕಿವಿಗೊಟ್ಟು ಕೇಳಿದ. ಈ ಸಲದ್ದು ಯಾರ ನಕಲೂ ಆಗಿರಲಿಲ್ಲ.